ಸಂಪಾದಕರ ಉತ್ತರ: ಕಾರ್ನೆಟ್ ಮತ್ತು ಕಾರ್ನೆಟ್ಟೊ

ಕಳೆದ ಸಂಚಿಕೆಯಲ್ಲಿ ಬಂದ ವೆನಿಸ್ ಸಂಗೀತದ ಲೇಖನ ಓದಿ, ಮೈಸೂರಿನಿಂದ ನಿವೃತ್ತ ಬ್ಯಾಂಡ್ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

"1597ರ ಹೊತ್ತಿಗೆ ವೆನಿಸ್‌ನ ಸಾನ್ ಮಾರ್ಕೊ ಚರ್ಚಿನಲ್ಲಿ ಕಾರ್ನೆಟ್ ಊದುತ್ತಿದ್ದರು ಎಂದು ಬರೆದಿದ್ದೀರಿ. ಪಕ್ಕದಲ್ಲೇ ಹಿತ್ತಾಳೆ ಕಾರ್ನೆಟ್ಟಿನ ಚಿತ್ರ ಹಾಕಿದ್ದೀರಿ. ನಾನು ಮೂವತ್ತು ವರ್ಷ ಅದೇ ವಾದ್ಯ ಊದಿದವನು. ವಾಲ್ವ್ ಇರುವ ಕಾರ್ನೆಟ್ ಹುಟ್ಟಿದ್ದೇ ಹತ್ತೊಂಬತ್ತನೇ ಶತಮಾನದಲ್ಲಿ. ಹಾಗಾದರೆ ಅಲ್ಲಿ ಊದುತ್ತಿದ್ದದ್ದು ಏನು? ಅದು ಬೇರೆಯೇ ವಾದ್ಯವಾಗಿದ್ದರೆ, ಇವತ್ತು ಅದರ ಹೆಸರೂ ಯಾಕೆ ಕೇಳಿಬರುವುದಿಲ್ಲ? ಕಳಪೆ ವಾದ್ಯ ಇದ್ದಿರಬೇಕು, ಪಿಟೀಲು ಬಂದ ಮೇಲೆ ಮೂಲೆ ಸೇರಿರಬೇಕು ಅಂತ ನನಗನಿಸುತ್ತದೆ. ದಯವಿಟ್ಟು ವಿವರಿಸಿ."

ಮೇಷ್ಟ್ರೇ, ನಮಸ್ಕಾರ.

ಮೊದಲು ಕ್ಷಮೆ ಕೇಳುತ್ತೇನೆ. ನೀವು ಹೇಳಿದ್ದು ಸರಿ, ತಪ್ಪು ನಮ್ಮದು. ಲೇಖಕರ ಮೂಲ ಪ್ರತಿಯಲ್ಲಿ ಕಾರ್ನೆಟ್ಟೊ ಎಂದೇ ಇತ್ತು. ತಿದ್ದುವಾಗ ಕೊನೆಯ ಅಕ್ಷರ ಹೋಯಿತು, ಆಮೇಲೆ ಆ ಹೆಸರಿಗೆ ತಕ್ಕಂತೆ ಚಿತ್ರವೂ ಬಂತು. ನೀವು ಊದಿದ ಕಾರ್ನೆಟ್ ಫ್ರಾನ್ಸಿನಲ್ಲಿ 1820ರ ದಶಕದ ಕೊನೆಯ ಹೊತ್ತಿಗೆ, ಅಂಚೆ ಗಾಡಿಯವರ ಕೊಂಬಿಗೆ ವಾಲ್ವ್ ಜೋಡಿಸಿದಾಗ ರೂಪ ಪಡೆದದ್ದು. ಕಾರ್ನೆಟ್ಟೊ ಅದಕ್ಕಿಂತ ಮುನ್ನೂರು ವರ್ಷಕ್ಕೂ ಹಳೆಯದು. ಎರಡೂ ಹೆಸರಿನ ಅರ್ಥ ಒಂದೇ, ಪುಟ್ಟ ಕೊಂಬು. ಇವೆರಡರ ನಡುವೆ ಹೆಸರಿನ ನಂಟು ಬಿಟ್ಟರೆ ತುಟಿಯ ನಂಟು ಇದೆ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಕಾರ್ನೆಟ್ಟೊ ಹಿತ್ತಾಳೆಯದಲ್ಲ, ಮರದ್ದು. ಸುಮಾರು ಎರಡಡಿ ಉದ್ದದ, ಸ್ವಲ್ಪ ಬಾಗಿದ ಕೊಳವೆ. ಒಂದು ಮರದ ತುಂಡನ್ನು ಬಾಗಿದ ಆಕಾರಕ್ಕೆ ಕೊಯ್ದು, ಉದ್ದಕ್ಕೆ ಎರಡು ಹೋಳು ಮಾಡುತ್ತಾರೆ. ಒಳಭಾಗವನ್ನು ಉಳಿಯಿಂದ ಕೆತ್ತಿ ತೆಗೆಯುತ್ತಾರೆ. ಬಾಯಿಯ ಹತ್ತಿರ ಸಣ್ಣ, ತುದಿಗೆ ಹೋದಂತೆ ಅಗಲ. ಮತ್ತೆ ಎರಡೂ ಹೋಳು ಅಂಟಿಸಿ, ಹೊರಗೆ ಎಂಟು ಮುಖ ಬರುವಂತೆ ಚಪ್ಪಟೆ ಮಾಡಿ, ಮೇಲೆ ತೆಳು ಕರಿ ಚರ್ಮ ಸುತ್ತುತ್ತಾರೆ. ಬೆಸುಗೆಯಿಂದ ಗಾಳಿ ಸೋರಬಾರದು ಅಂತ ಈ ಚರ್ಮ. ಮುಂದೆ ಆರು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ಬಾಗು ಇರುವುದರಿಂದ ಬೆರಳುಗಳು ಸಲೀಸಾಗಿ ತೂತು ಮುಟ್ಟುತ್ತವೆ.

ಇಷ್ಟು ನೋಡಿದರೆ ಕೊಳಲಿನ ಜಾತಿ ಅನಿಸುತ್ತದೆ, ಅಲ್ವಾ? ಆದರೆ ಊದುವ ತುದಿಯಲ್ಲಿ ಕೊಂಬಿನಿಂದಲೋ ದಂತದಿಂದಲೋ ಮಾಡಿದ ಮೌತ್‌ಪೀಸ್ ಇದೆ. ಅಡಿಕೆಯ ತೊಟ್ಟಿನಷ್ಟು ಪುಟ್ಟ ಬಟ್ಟಲು. ಅದರಲ್ಲಿ ತುಟಿ ಅದುರಿಸಿ ಊದಬೇಕು, ನೀವು ಕಾರ್ನೆಟ್ ಊದಿದ ಹಾಗೆಯೇ. ಬೆರಳು ಕೊಳಲಿನದು, ತುಟಿ ಕಹಳೆಯದು. ಈ ಎರಡನ್ನೂ ಒಬ್ಬನೇ ಮನುಷ್ಯ ಸಂಭಾಳಿಸಬೇಕು. ಆ ಮೌತ್‌ಪೀಸನ್ನು ಎಷ್ಟೋ ಜನ ತುಟಿಯ ನಡುವೆ ಇಡದೆ ಬಾಯಿಯ ಪಕ್ಕದಲ್ಲಿ ಇಟ್ಟು ಊದುತ್ತಿದ್ದರು. ತುಟಿ ಅಲ್ಲಿ ತೆಳುವಾಗಿರುತ್ತದೆ, ಪುಟ್ಟ ಬಟ್ಟಲಿಗೆ ಅದೇ ಅನುಕೂಲ. ಹಳೆಯ ಚಿತ್ರಗಳಲ್ಲಿ ಕಾರ್ನೆಟ್ಟೊ ಊದುವವರ ಬಾಯಿ ಒಂದು ಕಡೆ ಸೊಟ್ಟಗಾದಂತೆ ಕಾಣುವುದು ಇದಕ್ಕೇ.

ಇದಕ್ಕೆ ತಮ್ಮ ತಂಗಿಯರೂ ಇದ್ದರು. ಮೌತ್‌ಪೀಸನ್ನು ಕೊಳವೆಯಲ್ಲೇ ಕೆತ್ತಿದ, ಮೆಲುದನಿಯ ನೇರ ಕಾರ್ನೆಟ್ಟೊ ಒಂದು. ಕಿರಿದಾದದ್ದು ಇನ್ನೊಂದು, ತಗ್ಗಿನ ಸ್ವರಕ್ಕೆ ದೊಡ್ಡದು ಮತ್ತೊಂದು. ಆದರೆ ಹೆಸರು ಮಾಡಿದ್ದು ಈ ಕರಿ ಚರ್ಮದ ಬಾಗಿದ ಕಾರ್ನೆಟ್ಟೊ.

ಈಗ ನಿಮ್ಮ ಊಹೆಗೆ ಬರುತ್ತೇನೆ. ಕಳಪೆ ವಾದ್ಯ ಇದ್ದಿರಬೇಕು ಎಂದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ ಮೇಷ್ಟ್ರೇ. ಹದಿನಾರನೇ ಶತಮಾನದ ಇಟಲಿಯಲ್ಲಿ ಗಾಳಿವಾದ್ಯಗಳಲ್ಲೆಲ್ಲ ಇದಕ್ಕೇ ಮೊದಲ ಮಣೆ. ಉದೀನೆಯ ಜಿರೊಲಾಮೊ ದಲ್ಲ ಕಾಸಾ ಎಂಬ ಕಾರ್ನೆಟ್ಟೊ ವಿದ್ವಾಂಸ 1584ರಲ್ಲಿ ವೆನಿಸ್‌ನಲ್ಲಿ ಒಂದು ಪಾಠ ಪುಸ್ತಕ ಅಚ್ಚು ಹಾಕಿಸಿದ. ಗಾಳಿವಾದ್ಯಗಳಲ್ಲಿ ಮನುಷ್ಯರ ದನಿಯನ್ನು ಅನುಕರಿಸುವುದರಲ್ಲಿ ಕಾರ್ನೆಟ್ಟೊವೇ ಮೇಲು, ಅದನ್ನು ಮೆಲ್ಲಗೂ ಜೋರಾಗಿಯೂ ಯಾವ ಶ್ರುತಿಯಲ್ಲೂ ದನಿಯಂತೆಯೇ ನುಡಿಸಬಹುದು ಎಂದು ಅದರಲ್ಲಿ ಬರೆದಿದ್ದಾನೆ. ಆ ಕಾಲದ ಸಂಗೀತಗಾರರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ವಾದ್ಯ ಅಂದರೆ ಹಾಡಬೇಕು, ಎಷ್ಟು ಹಾಡುತ್ತದೋ ಅಷ್ಟು ಒಳ್ಳೆಯ ವಾದ್ಯ. ಈ ಮಾತು ನಮ್ಮವರಿಗೂ ಹೊಸದಲ್ಲ. ಗಾಯಕಿ ಶೈಲಿಯಲ್ಲಿ ನುಡಿಸುತ್ತಾರೆ ಎಂದರೆ ನಾವೂ ಮೆಚ್ಚಿಯೇ ಹೇಳುತ್ತೇವೆ.

ಈ ಗುಣ ಎಲ್ಲಿಂದ ಬಂತು? ತೂತು ಮುಚ್ಚಿದರೆ ಸ್ವರ ಸುಮಾರಾಗಿ ಸಿಗುತ್ತದೆ, ಪೂರ್ತಿ ಶ್ರುತಿಗೆ ಕೂರಿಸುವುದು ತುಟಿ. ಪ್ರತಿ ಸ್ವರವನ್ನೂ ಸ್ವಲ್ಪ ಏರಿಸಬಹುದು, ಇಳಿಸಬಹುದು, ಉಸಿರಿನಿಂದ ಊದಿ ತುಂಬಿಸಬಹುದು, ಹಾಗೇ ಕರಗಿಸಬಹುದು. ಹಾಡುವವರು ಗಂಟಲಲ್ಲಿ ಮಾಡುವುದನ್ನು ಇವರು ತುಟಿಯಲ್ಲಿ ಮಾಡುತ್ತಿದ್ದರು. ಮೊದಲ ಸಲ ಧ್ವನಿಮುದ್ರಣ ಕೇಳಿದಾಗ ಯಾರೋ ಹೆಂಗಸು ಬಾಯಿ ಮುಚ್ಚಿಕೊಂಡು ದೂರದಲ್ಲಿ ಹಾಡುತ್ತಿದ್ದಾಳೆ ಅಂದುಕೊಂಡಿದ್ದೆ. ಫ್ರಾನ್ಸಿನ ಪಾದ್ರಿ ಮೆರ್ಸೆನ್ 1636ರಲ್ಲಿ, ಚರ್ಚಿನಲ್ಲಿ ಹಾಡುವವರ ನಡುವೆ ಇದು ಕೇಳಿಸಿದರೆ ನೆರಳನ್ನು ಸೀಳಿಕೊಂಡು ಬರುವ ಬಿಸಿಲಿನ ಕೋಲಿನ ಹಾಗೆ ಎಂದು ಬರೆದ. ನನಗಂತೂ ಆ ಮಾತು ಸ್ವಲ್ಪವೂ ಜಾಸ್ತಿ ಅನಿಸಿಲ್ಲ.

ಇನ್ನು ನಾಲಿಗೆಯ ಕೆಲಸ. ದಲ್ಲ ಕಾಸಾ ಅದಕ್ಕೂ ಪಾಠ ಕೊಟ್ಟಿದ್ದಾನೆ. "ತೆರೆ ಲೆರೆ", "ದೆರೆ ಲೆರೆ", "ಲೆರೆ ಲೆರೆ" ಎಂದು ಊದುತ್ತಲೇ ನಾಲಿಗೆಯಲ್ಲಿ ಹೇಳಿಕೊಳ್ಳಬೇಕು. ಒಂದು ಗಡಸು, ಇನ್ನೊಂದು ನಡುವೆ, ಮತ್ತೊಂದು ಮೃದು. "ಲೆರೆ ಲೆರೆ"ಯಲ್ಲಿ ಸ್ವರಗಳು ಬಿಡಿಬಿಡಿಯಾಗಿದ್ದೂ ಜಾರಿಕೊಂಡು ಹೋಗುತ್ತವೆ. ಕೊಳಲಿನಲ್ಲಿ, ನಾಗಸ್ವರದಲ್ಲಿ ತುತ್ತುಕಾರ ಕಲಿತವರಿಗೆ ಇದು ಎಂಥ ಸೂಕ್ಷ್ಮ ಕೆಲಸ ಎಂದು ಬೇರೆ ಹೇಳಬೇಕಿಲ್ಲ.

ಈ ಪುಸ್ತಕದ ಮುಖ್ಯ ವಿಷಯ ಮಾತ್ರ ಬೇರೆ. ಬರೆದಿಟ್ಟ ಒಂದು ದೀರ್ಘ ಸ್ವರವನ್ನು ಒಡೆದು, ಅದೇ ಹೊತ್ತಿನಲ್ಲಿ ಎಂಟು, ಹದಿನಾರು, ಇಪ್ಪತ್ನಾಲ್ಕು, ಮೂವತ್ತೆರಡು ಸಣ್ಣ ಸ್ವರಗಳ ಹೊನಲು ಹರಿಸುವುದು ಹೇಗೆ ಎಂಬುದು. ಇಟಲಿಯವರು ಇದನ್ನು ದಿಮಿನುತ್ಸಿಯೋನಿ ಎನ್ನುತ್ತಾರೆ, ಸಣ್ಣದು ಮಾಡುವುದು ಅಂತ. ಚಿಪ್ರಿಯಾನೊ ದೆ ರೋರೆ ಎಂಬಾತ ರಚಿಸಿದ ಪ್ರೇಮಗೀತೆಗಳು ಆಗ ಮನೆಮಾತು. ರಾಗ ಎಲ್ಲರಿಗೂ ಗೊತ್ತು. ಹಾಗಾಗಿ ಕೇಳುವವರು ಕಾಯುವುದು ರಾಗಕ್ಕಲ್ಲ, ಇವತ್ತು ಈ ವಿದ್ವಾಂಸ ಅದನ್ನು ಹೇಗೆ ಬಿಡಿಸುತ್ತಾನೆ ಎಂಬುದಕ್ಕೆ. ಗೊತ್ತಿರುವ ಪಲ್ಲವಿಗೆ ಒಂದಾದ ಮೇಲೊಂದು ಸಂಗತಿ ಬರುವಾಗ ನಾವು ಕೂತು ಕೇಳುವುದಿಲ್ಲವೇ, ಆ ಥರದ ಕಾಯುವಿಕೆ. ದಲ್ಲ ಕಾಸಾನ ಮರುವರ್ಷವೇ, 1585ರಲ್ಲಿ, ಜೊವಾನ್ನಿ ಬಸ್ಸಾನೊ ಕೂಡ ಇಂಥದೇ ಪುಸ್ತಕ ತಂದ. ಅವನೂ ವೆನಿಸ್‌ನ ಕಾರ್ನೆಟ್ಟೊ ವಿದ್ವಾಂಸನೇ.

ಇವರಿಬ್ಬರಿಗೂ ಅನ್ನ ಹಾಕಿದ್ದು ಸಾನ್ ಮಾರ್ಕೊ. ನಿಮಗೆ ತಲೆಯಲ್ಲಿ ಒಂದು ಚಿತ್ರ ಬರಲಿ ಅಂತ ಹೇಳುತ್ತೇನೆ. ಅದು ವೆನಿಸ್‌ನ ಆಳರಸ ದೋಜೆಯ ಸ್ವಂತ ದೇಗುಲ. ಒಳಗೆ ಮೇಲೆಲ್ಲ ಚಿನ್ನದ ಬಣ್ಣದ ಗೋಪುರಗಳು. ಎದುರುಬದುರು ಎತ್ತರದ ಉಪ್ಪರಿಗೆಗಳು, ಎರಡು ಆರ್ಗನ್. 1568ರಲ್ಲಿ ಇಲ್ಲಿ ದಲ್ಲ ಕಾಸಾನನ್ನೂ ಅವನ ಇಬ್ಬರು ಸೋದರರನ್ನೂ ಕಾಯಂ ಆಗಿ ನೇಮಿಸಿಕೊಂಡರು. ಅದಕ್ಕೆ ಮುಂಚೆ ಹಬ್ಬ ಬಂದಾಗ ಹೊರಗಿನಿಂದ ವಾದ್ಯದವರನ್ನು ಕರೆಸುತ್ತಿದ್ದರು. ಕಾಯಂ ವಾದ್ಯಮೇಳ ಶುರುವಾದದ್ದು ಆಗಲೇ, ಅದರ ಯಜಮಾನನೂ ಕಾರ್ನೆಟ್ಟೊದವನೇ. 1601ರಲ್ಲಿ ಅವನು ತೀರಿಕೊಂಡಾಗ ಆ ಜಾಗಕ್ಕೆ ಬಂದ ಬಸ್ಸಾನೊ ಕೂಡ ಕಾರ್ನೆಟ್ಟೊದವನು. ಮೇಳ ನಡೆಸುವ ಹಕ್ಕು ಯಾವ ವಾದ್ಯದವನಿಗೆ ಸಿಗುತ್ತದೆ ಎಂಬುದರಿಂದ ಆ ವಾದ್ಯದ ಮರ್ಯಾದೆ ಗೊತ್ತಾಗುತ್ತದೆ. ನಿಮ್ಮ ಬ್ಯಾಂಡಿನಲ್ಲೂ ಹಾಗೇ ಅಲ್ವಾ?

ಅದೇ ಸಾನ್ ಮಾರ್ಕೊದ ಆರ್ಗನ್ ವಿದ್ವಾಂಸ ಜೊವಾನ್ನಿ ಗಾಬ್ರಿಯೇಲಿ. ನಮ್ಮ ಲೇಖನದಲ್ಲಿ ಬಂದ 1597 ಅವನ ಸಂಗ್ರಹ ಅಚ್ಚಾದ ವರ್ಷ. ಅದರಲ್ಲಿ ಮೆಲುದನಿ ಮತ್ತು ಜೋರುದನಿ ಎಂದೇ ಹೆಸರಿಟ್ಟ ಒಂದು ಸೊನಾಟಾ, ಅಂದರೆ ಬರೀ ವಾದ್ಯಗಳಿಗೆ ಬರೆದ ರಚನೆ, ಇದೆ. ವಾದ್ಯದವರದು ಎರಡು ಗುಂಪು. ಒಂದರಲ್ಲಿ ಮೂರು ಟ್ರಾಂಬೋನ್ (ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ಊದುವ ಹಿತ್ತಾಳೆ ವಾದ್ಯ), ಮೇಲೆ ಒಂದು ಕಾರ್ನೆಟ್ಟೊ. ಇನ್ನೊಂದರಲ್ಲಿ ಮೂರು ಟ್ರಾಂಬೋನ್, ಮೇಲೆ ಪಿಟೀಲು ಕುಟುಂಬದ ಒಂದು ತಂತಿವಾದ್ಯ. ಒಂದು ಗುಂಪು ಮೆಲ್ಲಗೆ ಮಾತಾಡುತ್ತದೆ, ಇನ್ನೊಂದು ಮೆಲ್ಲಗೆ ಉತ್ತರ ಕೊಡುತ್ತದೆ, ಎರಡೂ ಸೇರಿದಾಗ ಜೋರು. ಯಾವ ವಾದ್ಯ ನುಡಿಸಬೇಕು, ಎಲ್ಲಿ ಮೆಲ್ಲಗೆ, ಎಲ್ಲಿ ಜೋರು ಎಂದು ಅಚ್ಚಿನಲ್ಲೇ ಹೇಳಿದ ಬಹಳ ಮೊದಲ ರಚನೆಗಳಲ್ಲಿ ಇದೊಂದು. ಟ್ರಾಂಬೋನ್ ಮತ್ತು ಕಾರ್ನೆಟ್ಟೊ ಆಗ ಬಿಟ್ಟಿರಲಾರದ ಜೋಡಿ. ಆ ಕಾಲದ ಟ್ರಾಂಬೋನ್ ಇವತ್ತಿನದಕ್ಕಿಂತ ಸಣ್ಣ ಕೊಳವೆಯದು, ದನಿಯೂ ತಣ್ಣಗೆ. ಹಾಡುವವರ ಮೇಲಿನ ಸ್ವರವನ್ನು ಕಾರ್ನೆಟ್ಟೊ, ಕೆಳಗಿನವನ್ನು ಟ್ರಾಂಬೋನ್‌ಗಳು ಹಿಡಿದು ನಡೆಸುತ್ತಿದ್ದವು.

1608ರ ಆಗಸ್ಟ್‌ನಲ್ಲಿ ತಾಮಸ್ ಕಾರ್ಯಟ್ ಎಂಬ ಇಂಗ್ಲಿಷ್ ಪ್ರವಾಸಿ ವೆನಿಸ್‌ನಲ್ಲಿದ್ದ. ಸಾನ್ ರೊಕ್ಕೊ ಸಂಘದವರ ಹಬ್ಬ. ಸಂಜೆ ಐದಕ್ಕೆ ಶುರುವಾದ ಸಂಗೀತ ಎಂಟರವರೆಗೆ ನಡೆಯಿತಂತೆ. ಹತ್ತು ಟ್ರಾಂಬೋನ್, ನಾಲ್ಕು ಕಾರ್ನೆಟ್ಟೊ, ದೊಡ್ಡ ತಂತಿವಾದ್ಯ ಎರಡು ಒಟ್ಟಿಗೆ ನುಡಿಸಿದವು ಎಂದು ಅವನು ಲೆಕ್ಕ ಕೊಡುತ್ತಾನೆ. ಆಮೇಲೆ ಆರು ಟ್ರಾಂಬೋನ್, ನಾಲ್ಕು ಕಾರ್ನೆಟ್ಟೊ. ಕೆಲವು ಸಲ ಬರೀ ಇಬ್ಬರು, ಒಂದು ಕಾರ್ನೆಟ್ಟೊ ಮತ್ತು ಒಂದು ತಂತಿವಾದ್ಯ. ಕೇಳುತ್ತಾ ತಾನು ಮೂರನೇ ಸ್ವರ್ಗಕ್ಕೆ ಹೋಗಿಬಿಟ್ಟೆ ಎಂದು ಬರೆದುಕೊಂಡಿದ್ದಾನೆ. ಆ ಸಂಜೆ ಒಂದು ಮೂಲೆಯಲ್ಲಿ ನಿಂತು ಕೇಳುವ ಭಾಗ್ಯ ನನಗಿದ್ದಿದ್ದರೆ ಎಂದು ಎಷ್ಟೋ ಸಲ ಅನಿಸಿದೆ.

ಇದು ವೆನಿಸ್‌ನ ಸೊತ್ತು ಮಾತ್ರ ಆಗಿರಲಿಲ್ಲ. ಬೊಲೋನ್ಯಾ ಊರಿನ ಆಡಳಿತ ತನ್ನದೇ ಒಂದು ಕಾರ್ನೆಟ್ಟೊ ಮತ್ತು ಟ್ರಾಂಬೋನ್ ಮೇಳ ಸಾಕಿತ್ತು. ಅವರು ಅರಮನೆಯ ಉಪ್ಪರಿಗೆಯಿಂದ ಚೌಕದ ಜನರಿಗೆ ನುಡಿಸುತ್ತಿದ್ದರು. ಅಂಕೋನಾದ ಲುಯಿಜಿ ಜೆನೋಬಿ ಎಂಬ ವಿದ್ವಾಂಸನನ್ನು ಜನ ಕಾರ್ನೆಟ್ಟೊ ಲುಯಿಜಿ ಎಂದೇ ಕರೆಯುತ್ತಿದ್ದರು. ವಿಯೆನ್ನಾದಲ್ಲಿ ಚಕ್ರವರ್ತಿಯ ಆಸ್ಥಾನದಲ್ಲಿದ್ದ ಅವನು 1589ರಲ್ಲಿ ಫೆರಾರಾದ ಡ್ಯೂಕನ ಸೇವೆಗೆ ಬಂದ. ಫ್ಲಾರೆನ್ಸಿನ ಶಿಲ್ಪಿ, ಅಕ್ಕಸಾಲಿಗ ಬೆನ್ವೆನುತೊ ಚೆಲ್ಲೀನಿ ಕೂಡ ಹುಡುಗನಾಗಿದ್ದಾಗಲೇ ಕಾರ್ನೆಟ್ಟೊ ಕಲಿತವನು. ಅಪ್ಪ ಊರಿನ ವಾದ್ಯಮೇಳದವನು. ಮಗನೂ ಸಂಗೀತಗಾರನೇ ಆಗಲಿ ಎಂದು ಅವನಿಗೆ ಆಸೆ, ಮಗನಿಗೆ ಚಿನ್ನದ ಕೆಲಸದ ಮೇಲೆ ಆಸೆ. ರೋಮ್‌ನಲ್ಲಿ ಪೋಪ್ ಏಳನೇ ಕ್ಲೆಮೆಂಟ್ ಎದುರು ಆಗಸ್ಟ್ ಒಂದರ ಹಬ್ಬಕ್ಕೆ ಕಾರ್ನೆಟ್ಟೊ ಊದಿದ್ದನ್ನು, ಪೋಪ್ ಮೆಚ್ಚಿದ್ದನ್ನು ಚೆಲ್ಲೀನಿ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಇವರೆಲ್ಲರಿಗಿಂತ ನನಗೆ ಮನಸ್ಸು ತುಂಬುವುದು ಫೆರಾರಾದ ಸಾನ್ ವಿಟೊ ಮಠದ ಸನ್ಯಾಸಿನಿಯರು. 1590ರ ದಶಕದಲ್ಲಿ ಆ ಮಠದ ಮೇಳದಲ್ಲಿ ಇಪ್ಪತ್ತಮೂರು ಮಂದಿ. ಅದನ್ನು ನಡೆಸುತ್ತಿದ್ದವಳು ರಫಾಯೆಲ್ಲಾ ಅಲೆಯೋತ್ತಿ. ಊದುವುದು ಹೆಂಗಸರಿಗೆ ಹೇಳಿದ್ದಲ್ಲ ಎಂದು ದೊಡ್ಡ ಮನೆತನಗಳು ನಂಬಿದ್ದ ಕಾಲ ಅದು. ಇವರು ಕಾರ್ನೆಟ್ಟೊ, ಟ್ರಾಂಬೋನ್ ಎರಡನ್ನೂ ಊದುತ್ತಿದ್ದರು. ಎರ್ಕೋಲೆ ಬೊತ್ತ್ರಿಗಾರಿ ಎಂಬ ವಿದ್ವಾಂಸ 1594ರ ತನ್ನ ಪುಸ್ತಕದಲ್ಲಿ ಇವರನ್ನು ಹೊಗಳುತ್ತಾ, ಎಲ್ಲಕ್ಕಿಂತ ಕಷ್ಟದ ವಾದ್ಯಗಳೆಂದು ಈ ಎರಡನ್ನೇ ಹೆಸರಿಸುತ್ತಾನೆ. ಅವುಗಳಲ್ಲೂ ಸನ್ಯಾಸಿನಿಯರು ಎಷ್ಟು ಸೊಗಸಾಗಿ ಸಣ್ಣ ಸ್ವರ ಬಿಡಿಸುತ್ತಾರೆ ಎಂದು ಬೆರಗಾಗುತ್ತಾನೆ.

ಆಮೇಲೆ ಮೊಂತೆವೆರ್ದಿ ಎಂಬ ಸಂಗೀತ ರಚನೆಕಾರ. 1607ರಲ್ಲಿ ಮಾಂತುವಾದಲ್ಲಿ ಅವನ "ಓರ್ಫೆಯೊ" ಸಂಗೀತ ನಾಟಕ ನಡೆಯಿತು. ಸತ್ತ ಹೆಂಡತಿಯನ್ನು ಕರೆತರಲು ಹೊರಟ ಓರ್ಫೆಯೊ ಯಮಲೋಕದ ಹೊಳೆ ದಾಟಬೇಕು. ಅಂಬಿಗ ಬಿಡುವುದಿಲ್ಲ. ಅವನನ್ನು ಒಲಿಸಲು ಓರ್ಫೆಯೊ ಹಾಡುತ್ತಾನೆ. ಮೊದಲ ನುಡಿಗೆ ಜೊತೆ ಎರಡು ಪಿಟೀಲು. ಎರಡನೆಯದಕ್ಕೆ ಎರಡು ಕಾರ್ನೆಟ್ಟೊ. ಮೂರನೆಯದಕ್ಕೆ ಹಾರ್ಪ್. ಈ ಹಾಡಿನ ದನಿಯನ್ನು ಎರಡು ಸಾಲಿನಲ್ಲಿ ಅಚ್ಚು ಹಾಕಿಸಿದ್ದಾನೆ. ಒಂದು ಬರೀ ಹಂದರ, ಇನ್ನೊಂದು ಸಂಗತಿಗಳನ್ನೆಲ್ಲ ತುಂಬಿದ್ದು. ದಲ್ಲ ಕಾಸಾ ಕಲಿಸಿದ ವಿದ್ಯೆ ಇಲ್ಲಿ ಕಥೆಯೊಳಗೆ ಬಂದು ಕೂತಿದೆ. 1610ರಲ್ಲಿ ಅಚ್ಚಾದ ಅವನ ಸಂಜೆಪ್ರಾರ್ಥನೆಯ ಸಂಗೀತದಲ್ಲಿ ಮೂರು ಕಾರ್ನೆಟ್ಟೊ ಬೇಕು. ಅದರ ಕೊನೆಯ ಭಾಗದಲ್ಲಿ, ದೇವರು ಬಲಿಷ್ಠರನ್ನು ಪೀಠದಿಂದ ಇಳಿಸಿದ ಎಂಬ ಸಾಲು ಬರುತ್ತದೆ. ಗಾಯಕ ನಿಧಾನವಾಗಿ, ನೇರವಾಗಿ ಹಾಡುತ್ತಾನೆ. ಮೇಲೆ ಒಂದು ಕಾರ್ನೆಟ್ಟೊ ಸುರುಳಿ ಬಿಡಿಸಿದರೆ ಇನ್ನೊಂದು ಪ್ರತಿಧ್ವನಿ ಕೊಡುತ್ತದೆ. ನಂತರ ಅದೇ ಕೆಲಸ ಎರಡು ಪಿಟೀಲಿಗೆ.

ನಿಮ್ಮ ಪಿಟೀಲಿನ ಮಾತಿಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಪಿಟೀಲು ಬಂದ ಕೂಡಲೇ ಕಾರ್ನೆಟ್ಟೊ ಹೋಗಲಿಲ್ಲ. ಪಿಟೀಲು ಹದಿನಾರನೇ ಶತಮಾನದ ಮಧ್ಯದಿಂದಲೇ ಇತ್ತು. ಎರಡೂ ಅಕ್ಕಪಕ್ಕದಲ್ಲಿ, ಒಂದೇ ಚರ್ಚಿನಲ್ಲಿ, ಒಂದೇ ಪುಟದಲ್ಲಿ ಎರಡು ತಲೆಮಾರು ಬಾಳಿದವು. ಬಿಯಾಜೊ ಮಾರೀನಿಯ 1617ರ ಸಂಗ್ರಹದ ಮುಖಪುಟದಲ್ಲೇ ಪಿಟೀಲು, ಕಾರ್ನೆಟ್ಟೊ ಎರಡರ ಹೆಸರೂ ಇದೆ. ಜೊವಾನ್ನಿ ಬತ್ತಿಸ್ತಾ ಫೊಂತಾನಾನ ಸೊನಾಟಾಗಳು 1641ರಲ್ಲಿ ಅಚ್ಚಾದಾಗಲೂ ಮುಖಪುಟದಲ್ಲಿ ಇದ್ದದ್ದು "ಪಿಟೀಲು ಅಥವಾ ಕಾರ್ನೆಟ್ಟೊಗೆ" ಎಂದು. ಯಾವುದು ಇದ್ದರೂ ಸರಿ, ಎರಡೂ ಸಮ. ಕಳಪೆ ವಾದ್ಯಕ್ಕೆ ಯಾರೂ ಹಾಗೆ ಜಾಗ ಕೊಡುವುದಿಲ್ಲ.

ಆದರೆ ಆ ಪುಸ್ತಕ ಅಚ್ಚಾಗುವಾಗ ಫೊಂತಾನಾ ಬದುಕಿರಲಿಲ್ಲ. 1630ರ ಸುಮಾರಿಗೆ ಪ್ಲೇಗು ಅವನನ್ನು ಕೊಂಡೊಯ್ದಿತ್ತು. ಆ ಪಿಡುಗು ಉತ್ತರ ಇಟಲಿಯನ್ನೇ ಬರಿದು ಮಾಡಿತು. ವೆನಿಸ್‌ನಲ್ಲೇ ಮೂರರಲ್ಲಿ ಒಬ್ಬರು ಸತ್ತರು. ಮೊಂತೆವೆರ್ದಿಯ ಹಳೆಯ ಊರು ಮಾಂತುವಾವನ್ನು ಅದೇ 1630ರಲ್ಲಿ ಸೈನ್ಯ ನುಗ್ಗಿ ಕೊಳ್ಳೆ ಹೊಡೆಯಿತು. ಕಾರ್ನೆಟ್ಟೊ ವಿದ್ಯೆ ಅಪ್ಪನಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಬಾಯಿಮಾತಿನಲ್ಲಿ, ಬೆರಳು ಹಿಡಿದು ಬರುತ್ತಿದ್ದ ವಿದ್ಯೆ. ಆ ತುಟಿ ಪಳಗಲು ವರ್ಷಗಳು ಬೇಕು, ಬಿಟ್ಟರೆ ಬೇಗ ಹಾಳಾಗುತ್ತದೆ. ಮನೆಯಲ್ಲಿ ಹಿರಿಯರು, ಕಲಿಯುವವರು ಒಟ್ಟಿಗೆ ಹೋದರೆ ಮತ್ತೆ ಕಟ್ಟುವುದು ಕಷ್ಟ. ಪಿಟೀಲಿಗೂ ಅಭ್ಯಾಸ ಬೇಕು, ಆದರೆ ಅದು ದಿನವಿಡೀ ನುಡಿಸಬಹುದಾದ ವಾದ್ಯ. ತುಟಿಗೆ ಆ ಸೌಲಭ್ಯ ಇಲ್ಲ. ಇದನ್ನು ನೀವೇ ಮೂವತ್ತು ವರ್ಷ ಅನುಭವಿಸಿದ್ದೀರಿ.

ನನ್ನ ಪ್ರಕಾರ ಪ್ಲೇಗಿಗಿಂತ ದೊಡ್ಡ ಪೆಟ್ಟು ಇನ್ನೊಂದು. 1637ರಲ್ಲಿ ವೆನಿಸ್‌ನಲ್ಲಿ ಟಿಕೆಟ್ ಕೊಟ್ಟು ನೋಡುವ ಒಪೆರಾ, ಅಂದರೆ ಸಂಗೀತ ನಾಟಕ, ಶುರುವಾಯಿತು. ರಂಗಮಂದಿರದ ಯಜಮಾನರು ದುಡ್ಡು ಸುರಿದದ್ದು ಹಾಡುವವರ ಮೇಲೆ, ಪರದೆ, ಯಂತ್ರಗಳ ಮೇಲೆ. ವಾದ್ಯಕ್ಕೆ ಕೆಲವು ತಂತಿವಾದ್ಯ, ಒಂದೆರಡು ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆಯ ವಾದ್ಯ ಸಾಕಾಯಿತು. ಜನರ ಕಿವಿ ಅತ್ತ ತಿರುಗಿತು. ಕಾರ್ನೆಟ್ಟೊಗೆ ಕೆಲಸ ಇದ್ದದ್ದು ಚರ್ಚಿನಲ್ಲಿ, ಹಲವು ದನಿಗಳ ಜೊತೆ, ಆ ದನಿಗಳ ಕೈಹಿಡಿದು ನಡೆಯುವುದರಲ್ಲಿ. ಆ ಕೆಲಸವೇ ಕಡಿಮೆಯಾದಾಗ ಕಲಿಯುವ ಹುಡುಗರು ಎಲ್ಲಿಂದ ಬರಬೇಕು?

ಒಂದು ಲೆಕ್ಕ ಹೇಳುತ್ತೇನೆ. 1685ರಲ್ಲಿ ಸಂಗೀತ ಮುಖ್ಯಸ್ಥ ಲೆಗ್ರೆಂಜಿ ಸಾನ್ ಮಾರ್ಕೊದ ಮೇಳವನ್ನು ಹೊಸದಾಗಿ ಕಟ್ಟಿದಾಗ ಒಟ್ಟು 34 ವಾದ್ಯಗಾರರಿದ್ದರು. ಅದರಲ್ಲಿ ಪಿಟೀಲು ಎಂಟು, ಸ್ವಲ್ಪ ದೊಡ್ಡ ತಂತಿವಾದ್ಯಗಳು ಹನ್ನೊಂದು. ಟ್ರಾಂಬೋನ್ ಮೂರು. ಕಾರ್ನೆಟ್ಟೊ ಬರೀ ಎರಡು. ನೂರು ವರ್ಷ ಹಿಂದೆ ಮೇಳದ ಯಜಮಾನಿಕೆ ಮಾಡಿದ ವಾದ್ಯ ಅದೇ ಉಪ್ಪರಿಗೆಯಲ್ಲಿ ಒಂದು ಮೂಲೆಗೆ ಸರಿದಿತ್ತು. ಅದೇ ಶತಮಾನದ ಕೊನೆಗೆ ಅಲ್ಲಿಗೂ ಓಬೋ ಎಂಬ ಬೇರೊಂದು ಊದುವ ವಾದ್ಯ ಬಂತು.

ಆಲ್ಪ್ಸ್ ಆಚೆ ಇನ್ನಷ್ಟು ಕಾಲ ಉಳಿಯಿತು. ಗಾಬ್ರಿಯೇಲಿಯ ಹತ್ತಿರ ಕಲಿಯಲು ವೆನಿಸ್‌ಗೆ ಬಂದಿದ್ದ ಜರ್ಮನ್ ರಚನೆಕಾರ ಹೈನ್ರಿಶ್ ಶ್ಯೂಟ್ಸ್ ಈ ನಾದವನ್ನು ಜರ್ಮನಿಗೆ ಒಯ್ದ. ಅಲ್ಲಿನ ಊರ ವಾದ್ಯದವರ ಕೈಯಲ್ಲಿ ರಚನೆಕಾರ ಬಾಖ್‌ನ ಕಾಲದವರೆಗೂ, ಅಂದರೆ ಹದಿನೆಂಟನೇ ಶತಮಾನದವರೆಗೂ ಇತ್ತು. 1762ರಲ್ಲಿ ವಿಯೆನ್ನಾದಲ್ಲಿ ಗ್ಲುಕ್ ಎಂಬ ರಚನೆಕಾರ ತನ್ನ ಒಪೆರಾದಲ್ಲಿ ಕಾರ್ನೆಟ್ಟೊ ಬಳಸಿದ. ಅದೂ ಓರ್ಫೆಯೊನ ಕಥೆಯೇ.

ಹಾಗಂತ ಕಥೆ ಅಲ್ಲಿಗೆ ನಿಂತಿಲ್ಲ ಮೇಷ್ಟ್ರೇ. ವೆರೋನಾದ ಫಿಲಾರ್ಮೋನಿಕಾ ಅಕಾಡೆಮಿಯಂಥ ಕಡೆ ಹಳೆಯ ಕಾರ್ನೆಟ್ಟೊಗಳು ಉಳಿದಿದ್ದವು. ಇಪ್ಪತ್ತನೇ ಶತಮಾನದ ನಡುವಿನಿಂದ ಅಂಥವನ್ನು ಅಳೆದು ನೋಡಿ ಹೊಸದು ಮಾಡುವವರು ಹುಟ್ಟಿಕೊಂಡರು. ಇಂಗ್ಲೆಂಡಿನ ಕ್ರಿಸ್ಟೊಫರ್ ಮಂಕ್ ಮರದ್ದು ಮಾಡಿದರು, ಕಲಿಯುವವರಿಗೆ ಕಡಿಮೆ ಬೆಲೆಯಲ್ಲಿ ಸಿಗಲಿ ಅಂತ ರಾಳದ ಅಚ್ಚಿನಲ್ಲೂ ಮಾಡಿದರು. ಹಳೆಯ ವಾದ್ಯಗಳಲ್ಲಿ ಎಷ್ಟೋ ಇಂದಿನ 440ರ (ಸೆಕೆಂಡಿಗೆ 440 ಕಂಪನದ) ಶ್ರುತಿಗಿಂತ ಎತ್ತರ, ಸುಮಾರು 465ಕ್ಕೆ ಕೂರುತ್ತವೆ. ಹಾಗಾಗಿ ವೆನಿಸ್ ಸಂಗೀತ ನುಡಿಸುವಾಗ ಈಗಿನವರು ಇಡೀ ಮೇಳವನ್ನೇ ಆ ಶ್ರುತಿಗೆ ತರುತ್ತಾರೆ. ಅಮೆರಿಕದಿಂದ ಬಂದ ಬ್ರೂಸ್ ಡಿಕಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ 1976ರಿಂದ ದಶಕಗಳ ಕಾಲ ಕಾರ್ನೆಟ್ಟೊ ಕಲಿಸಿದರು. ಬೊಲೋನ್ಯಾದ ಹಳೆಯ ಮೇಳದ ಹೆಸರನ್ನೇ ತಮ್ಮ ತಂಡಕ್ಕೆ ಇಟ್ಟರು, ಕೊನ್ಚೆರ್ತೊ ಪಲಾತಿನೊ ಎಂದು. ಫ್ರಾನ್ಸಿನ ಜಾನ್ ಟ್ಯುಬೆರಿ ಇನ್ನೊಬ್ಬರು. ಅಪ್ಪ ಮಗನಿಗೆ ಹೇಳಿಕೊಟ್ಟ ಸರಣಿ ಕಡಿದಿತ್ತು. ಇವರು ದಲ್ಲ ಕಾಸಾನ ಪುಸ್ತಕ ಬಿಡಿಸಿಟ್ಟುಕೊಂಡು "ಲೆರೆ ಲೆರೆ"ಯಿಂದ ಮತ್ತೆ ಶುರು ಮಾಡಿದರು. ಅವರ ಶಿಷ್ಯರಲ್ಲಿ ಈಗ ತಾವೇ ಗುರುಗಳಾದವರಿದ್ದಾರೆ.

ಈ ಸಂಚಿಕೆಯ ಎರಡನೇ ಪುಟದಲ್ಲಿ ತಿದ್ದುಪಡಿ ಹಾಕಿದ್ದೇವೆ, ಈ ಸಲ ಸರಿಯಾದ ಚಿತ್ರದ ಜೊತೆ.

ನಿಮ್ಮಲ್ಲಿ ಒಂದು ಕೋರಿಕೆ. ಮೊಂತೆವೆರ್ದಿಯ 1610ರ ಸಂಜೆಪ್ರಾರ್ಥನೆಯ ಒಳ್ಳೆಯ ಧ್ವನಿಮುದ್ರಣಗಳು ಇಂಟರ್‌ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತವೆ. ಮೊಮ್ಮಕ್ಕಳಿಗೆ ಹೇಳಿ ಹುಡುಕಿಸಿಕೊಳ್ಳಿ. ಕೊನೆಯ ಮಾಗ್ನಿಫಿಕಾತ್ ಭಾಗದಲ್ಲಿ "ದೆಪೋಸುಯಿತ್" ಎಂದು ಶುರುವಾಗುವ ಸಾಲನ್ನು ರಾತ್ರಿ ಮನೆ ಸದ್ದಡಗಿದ ಮೇಲೆ ಕೇಳಿ. ಮೊದಲು ಕಾರ್ನೆಟ್ಟೊ ಜೋಡಿ, ಆಮೇಲೆ ಪಿಟೀಲು ಜೋಡಿ. ಎರಡನ್ನೂ ಹೋಲಿಸಿ ನಿಮಗೆ ಏನನಿಸಿತು ಎಂದು ಬರೆಯಿರಿ. ನಾನು ಅದನ್ನು ಕೇಳುಗನಾಗಿ ಮಾತ್ರ ಬಲ್ಲೆ. ಆ ಕಾರ್ನೆಟ್ಟೊದವರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ, ಪ್ರತಿಧ್ವನಿಗೆ ದನಿ ಇಳಿಸುವಾಗ ತುಟಿಯಲ್ಲಿ ಏನು ಮಾಡುತ್ತಾರೆ ಎಂಬುದು ನಿಮಗೆ ತಿಳಿಯುತ್ತದೆ. ಅದನ್ನು ನಮ್ಮ ಓದುಗರಿಗೂ ಹೇಳಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

ವಿಶ್ವಾಸದಿಂದ,
ಸಂಪಾದಕ